ಕ್ಲಚ್ ಸ್ಲೇವ್ ಸಿಲಿಂಡರ್: ಬಿಚ್ಚುವ ಮೊದಲು ನೋಡಬೇಕಾದ್ದು, ಬಿಚ್ಚಿದ ಮೇಲೆ ಮಾಡಬೇಕಾದ್ದು

(ಟ್ಯಾಕ್ಸಿ ಚಾಲಕರು ಮತ್ತು ಐಟಿಐ ವಿದ್ಯಾರ್ಥಿಗಳ ಎದುರು ಆಡಿದ ಮಾತಿನ ಬರಹ ರೂಪ)

ಕ್ಲಚ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ, ಗೇರ್ ಬೀಳುವುದಿಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿ ಕೇಳಿದರೆ ಎರಡರಲ್ಲಿ ಒಂದು ಉತ್ತರ ಬರುತ್ತದೆ. "ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು" ಅಂತ ಒಬ್ಬರು. "ಸ್ಲೇವ್ ಹೋಗಿದೆ, ಹೊಸದು ಹಾಕಿಬಿಡೋಣ" ಅಂತ ಇನ್ನೊಬ್ಬರು. ಎರಡೂ ನಿಜ ಇರಬಹುದು. ಆದರೆ ಇಬ್ಬರೂ ಗಾಡಿ ನೋಡಿರುವುದಿಲ್ಲ. ಸ್ಲೇವ್ ಸಿಲಿಂಡರ್ ಅಂದರೆ ಪೆಡಲ್ ಒತ್ತಿದಾಗ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸಣ್ಣ ಸಿಲಿಂಡರ್. ಅದನ್ನು ಬದಲಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಕೆಟ್ಟಿರುವುದು ಅದೇನಾ, ಇಲ್ಲ ಬೇರೆ ಯಾವುದೋ ಕೆಟ್ಟು ಅದರ ಮೇಲೆ ದೂರು ಬಂದಿದೆಯಾ ಅಂತ ಪತ್ತೆ ಮಾಡುವುದರಲ್ಲೇ ಮೆಕ್ಯಾನಿಕ್‌ನ ಕೆಲಸ ಇರುವುದು. ಯಾಕೆ ಕೆಟ್ಟಿತು ಅಂತ ನೋಡದೆ ಹೊಸದು ಕೂರಿಸಿದರೆ ಆ ಹೊಸದೂ ಬಹಳ ದಿನ ಬಾಳುವುದಿಲ್ಲ. ಇವತ್ತಿನ ಮಾತೆಲ್ಲ ಈ ಎರಡು ವಿಷಯದ ಸುತ್ತಲೇ ಇರುತ್ತದೆ.

ಮೊದಲು ನಿಮ್ಮ ಗಾಡಿಯಲ್ಲಿ ಈ ಸಿಲಿಂಡರ್ ಇದೆಯಾ ಅಂತ ತಿಳಿದುಕೊಳ್ಳಿ. ಮಾರುತಿ 800, ಹಳೆಯ ಆಲ್ಟೊ ಇಂಥವುಗಳಲ್ಲಿ ಕ್ಲಚ್‌ಗೆ ಕೇಬಲ್ ಇರುತ್ತದೆ. ಪೆಡಲ್ ಕೇಬಲ್ ಎಳೆಯುತ್ತದೆ, ಕೇಬಲ್ ಫೋರ್ಕ್ (ಕ್ಲಚ್ ಬಿಡಿಸುವ ಕವೆ) ಎಳೆಯುತ್ತದೆ, ಮುಗಿಯಿತು. ಅಲ್ಲಿ ಸ್ಲೇವ್ ಹುಡುಕಿದರೆ ಸಿಗುವುದಿಲ್ಲ. ಕ್ವಾಲಿಸ್, ಇನೊವಾ, ಹೋಂಡಾ ಸಿಟಿ, ಪೋಲೊ, ಇಕೊಸ್ಪೋರ್ಟ್, ಡಸ್ಟರ್ ಇವೆಲ್ಲ ಹೈಡ್ರಾಲಿಕ್ ಕ್ಲಚ್‌ನ ಗಾಡಿಗಳು. ಪೆಡಲ್‌ಗೂ ಫೋರ್ಕ್‌ಗೂ ನಡುವೆ ಇರುವುದು ಬ್ರೇಕ್ ಆಯಿಲ್.

ಇಲ್ಲಿ ಎರಡು ಸಿರಿಂಜ್ ತಂದಿದ್ದೇನೆ, ಸೂಜಿ ಇಲ್ಲದವು. ಒಂದು ಸಣ್ಣದು, ಒಂದು ದಪ್ಪದ್ದು. ನಡುವೆ ಪ್ಲಾಸ್ಟಿಕ್ ನಳಿಕೆ, ಒಳಗೆಲ್ಲ ನೀರು. ಸಣ್ಣದನ್ನು ಒತ್ತುತ್ತೇನೆ, ನೋಡಿ, ದಪ್ಪದ್ದು ಹೊರಗೆ ಬರುತ್ತದೆ. ಆದರೆ ಸಣ್ಣದು ಓಡಿದಷ್ಟು ದೂರ ದಪ್ಪದ್ದು ಓಡುವುದಿಲ್ಲ. ದೂರ ಕಡಿಮೆ, ಬಲ ಜಾಸ್ತಿ. ಫ್ರಾನ್ಸಿನ ಪ್ಯಾಸ್ಕಲ್ 17ನೇ ಶತಮಾನದಲ್ಲಿ ಹೇಳಿದ ನಿಯಮ ಇದು. ಶಾಲೆಯಲ್ಲಿ ಎಲ್ಲರೂ ಓದಿದ್ದೀರಿ. ಸಣ್ಣ ಸಿರಿಂಜ್ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್, ದಪ್ಪದ್ದು ಫೋರ್ಕ್ ಕಡೆಯ ಸ್ಲೇವ್.

ಈಗ ನಳಿಕೆಯೊಳಗೆ ಒಂದು ಗಾಳಿ ಗುಳ್ಳೆ ಬಿಡುತ್ತೇನೆ. ದಪ್ಪ ಸಿರಿಂಜನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದಿದ್ದೇನೆ, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಅದುಮಿ ಹಿಡಿದ ಹಾಗೆ. ಸಣ್ಣದನ್ನು ಒತ್ತಿದೆ. ಅದು ಅರ್ಧಕ್ಕೆ ಇಳಿಯಿತು, ಇದು ಅಲ್ಲಾಡಲೇ ಇಲ್ಲ. ಗುಳ್ಳೆ ಚಿಕ್ಕದಾಯಿತು, ಅಷ್ಟೇ. ಗಾಳಿ ಸೇರಿದ ಕ್ಲಚ್‌ನಲ್ಲಿ ಆಗುವುದೂ ಇದೇ. ಪೆಡಲ್ ಮೆತ್ತಗಿರುತ್ತದೆ, ಇಳಿಯುತ್ತದೆ, ಆದರೆ ಕ್ಲಚ್ ಬಿಡುವುದಿಲ್ಲ, ಅಂದರೆ ಎಂಜಿನ್ನಿಂದ ಗೇರ್‌ಬಾಕ್ಸ್ ಬೇರ್ಪಡುವುದಿಲ್ಲ. ಈ ಗುಳ್ಳೆಯನ್ನು ನೆನಪಿಟ್ಟುಕೊಳ್ಳಿ, ಏರ್ ತೆಗೆಯುವ ಹೊತ್ತಿಗೆ ಮತ್ತೆ ಬೇಕಾಗುತ್ತದೆ.

ಗಾಡಿಯಲ್ಲಿ ಸಾಲು ಹೀಗಿರುತ್ತದೆ. ಪೆಡಲ್‌ನ ಪುಶ್ ರಾಡ್ ಮಾಸ್ಟರ್ ಸಿಲಿಂಡರನ್ನು ತಳ್ಳುತ್ತದೆ. ಅಲ್ಲಿಂದ ಲೋಹದ ಪೈಪ್, ಆಮೇಲೆ ರಬ್ಬರ್ ಹೋಸ್, ಆಮೇಲೆ ಸ್ಲೇವ್. ಸ್ಲೇವ್‌ನ ಪಿಸ್ಟನ್ ಇನ್ನೊಂದು ರಾಡ್ ತಳ್ಳಿ ಫೋರ್ಕನ್ನು ಸರಿಸುತ್ತದೆ. ಫೋರ್ಕ್ ರಿಲೀಸ್ ಬೇರಿಂಗನ್ನು ಸರಿಸುತ್ತದೆ. ಬೇರಿಂಗ್ ಹೋಗಿ ಪ್ರೆಷರ್ ಪ್ಲೇಟಿನ ಡಯಾಫ್ರಮ್ ಸ್ಪ್ರಿಂಗಿನ ಬೆರಳುಗಳನ್ನು ಒತ್ತುತ್ತದೆ. ಆಗ ಕ್ಲಚ್ ಪ್ಲೇಟ್ ಸಡಿಲವಾಗುತ್ತದೆ. ಇಷ್ಟು ಉದ್ದದ ಸಾಲಿನಲ್ಲಿ ಎಲ್ಲಿ ತಪ್ಪಿದರೂ ಡ್ರೈವರ್‌ಗೆ ಗೊತ್ತಾಗುವುದು ಒಂದೇ ಥರ: ಗೇರ್ ಬೀಳುತ್ತಿಲ್ಲ, ರಿವರ್ಸ್ ಹಾಕಿದರೆ ಕರಕರ ಅನ್ನುತ್ತದೆ. ಅದಕ್ಕೇ ಸ್ಲೇವ್ ಮೇಲೆ ಸುಮ್ನೆ ದೂರು ಬರುವುದು.

ಇನ್ನು ಅದು ಎಲ್ಲಿದೆ ಅಂತ ಹುಡುಕುವುದು. ಸುಲಭದ ದಾರಿ ಪೈಪ್ ಹಿಡಿದು ಹೋಗುವುದು. ನಮ್ಮಲ್ಲಿ ಸ್ಟಿಯರಿಂಗ್ ಬಲಗಡೆ. ಹಾಗಾಗಿ ಬಾನೆಟ್ ಎತ್ತಿ ಡ್ರೈವರ್ ಮುಂದಿನ ತಗಡಿನ ಗೋಡೆ ನೋಡಿ. ದೊಡ್ಡ ಬ್ರೇಕ್ ಬೂಸ್ಟರ್ ಪಕ್ಕದಲ್ಲಿ ಸಣ್ಣದೊಂದು ಸಿಲಿಂಡರ್ ಇರುತ್ತದೆ. ಅದು ಕ್ಲಚ್ ಮಾಸ್ಟರ್. ಅದರಿಂದ ಹೊರಟ ಪೈಪನ್ನು ಬೆರಳಿನಲ್ಲಿ ಹಿಡಿದುಕೊಂಡು ಹೋದರೆ ಗೇರ್‌ಬಾಕ್ಸ್ ಹತ್ತಿರ ಕರೆದುಕೊಂಡು ಹೋಗುತ್ತದೆ.

ನಮ್ಮ ಬಿಡದಿಯಲ್ಲೇ ತಯಾರಾದ ಕ್ವಾಲಿಸ್, ಇನೊವಾ ತೆಗೆದುಕೊಳ್ಳಿ. ಇವುಗಳಲ್ಲಿ ಎಂಜಿನ್ ಉದ್ದಕ್ಕೆ ಕೂತಿದೆ, ಹಿಂದಿನ ಚಕ್ರಕ್ಕೆ ಡ್ರೈವ್. ಎಂಜಿನ್ ಮುಗಿದು ಗೇರ್‌ಬಾಕ್ಸ್ ಶುರುವಾಗುವಲ್ಲಿ ಅಗಲವಾದ ಬೆಲ್ ಹೌಸಿಂಗ್ ಇದೆ. ಅದರ ಪಕ್ಕಕ್ಕೆ ಎರಡು ಬೋಲ್ಟಿನಲ್ಲಿ ಕೂತಿರುವ, ಹೆಬ್ಬೆರಳಿಗಿಂತ ತುಸು ದಪ್ಪದ ವಸ್ತುವೇ ಸ್ಲೇವ್. ಒಂದು ತುದಿಗೆ ಪೈಪ್, ಇನ್ನೊಂದು ತುದಿಗೆ ಕಪ್ಪು ರಬ್ಬರ್ ಬೂಟ್, ಬೂಟಿನಿಂದ ಹೊರಬಂದ ರಾಡ್ ಫೋರ್ಕಿಗೆ ತಾಗಿರುತ್ತದೆ. ಗಾಡಿ ಕೆಳಗಿನಿಂದ ಕೈಗೆ ಸಿಗುತ್ತದೆ.

ಎಂಜಿನ್ ಅಡ್ಡಕ್ಕೆ ಕೂತ ಕಾರುಗಳಲ್ಲಿ, ಅಂದರೆ ಮುಂದಿನ ಚಕ್ರಕ್ಕೆ ಡ್ರೈವ್ ಇರುವವುಗಳಲ್ಲಿ, ಗೇರ್‌ಬಾಕ್ಸ್ ಸಾಮಾನ್ಯವಾಗಿ ಎಡಗಡೆ ಇರುತ್ತದೆ. ಬ್ಯಾಟರಿ, ಏರ್ ಫಿಲ್ಟರ್ ಡಬ್ಬಿ ಅದರ ಮೇಲೆ ಕೂತಿರುತ್ತವೆ. ಅವೆರಡನ್ನು ತೆಗೆದರೆ ಗೇರ್‌ಬಾಕ್ಸಿನ ಮುಂಭಾಗದಲ್ಲೋ ಮೇಲ್ಭಾಗದಲ್ಲೋ ಸ್ಲೇವ್ ಕಾಣುತ್ತದೆ. ಮೇಲಿನಿಂದಲೇ ಕೆಲಸ ಮುಗಿಯುವ ಕಾರುಗಳೂ ಇವೆ.

ಪೈಪ್ ಹಿಡಿದು ಹೋದಾಗ ಅದು ಬೆಲ್ ಹೌಸಿಂಗಿನ ಒಳಗೇ ಹೊಕ್ಕುಬಿಟ್ಟರೆ? ಹೊರಗೆ ಬರೀ ಒಂದು ನಿಪ್ಪಲ್ (ಗಾಳಿ ತೆಗೆಯಲು ಬಿಟ್ಟು ಬಿಗಿಯುವ ಸಣ್ಣ ತಿರುಪು), ಒಂದು ಜಾಯಿಂಟ್ ಮಾತ್ರ ಕಂಡರೆ? ಆಗ ನಿಮ್ಮದು ಒಳಗಿನ ಸ್ಲೇವ್. ಇಕೊಸ್ಪೋರ್ಟ್, ಡಸ್ಟರ್ ಹಾಗೆ. ಅಲ್ಲಿ ಸಿಲಿಂಡರ್ ಉಂಗುರದ ಆಕಾರದಲ್ಲಿದ್ದು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸುತ್ತ ಕೂತಿರುತ್ತದೆ. ಬೇರಿಂಗ್ ಅದಕ್ಕೇ ಅಂಟಿಕೊಂಡಿರುತ್ತದೆ, ಫೋರ್ಕ್ ಇರುವುದೇ ಇಲ್ಲ. ಗೇರ್‌ಬಾಕ್ಸ್ ಇಳಿಸದೆ ಅದು ಕೈಗೆ ಸಿಗುವುದಿಲ್ಲ. ಅದರ ಮಾತು ಆಮೇಲೆ ಆಡೋಣ.

ಈಗ ಪತ್ತೆ ಕೆಲಸ. ಸ್ಪ್ಯಾನರ್ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಕ್ಲಚ್ ಬಿಡುತ್ತಿಲ್ಲವಾ, ಹಿಡಿಯುತ್ತಿಲ್ಲವಾ? ಶಿರಾಡಿ ಏರುವಾಗ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಅದು ಹಿಡಿಯದ ಕ್ಲಚ್. ಅದಕ್ಕೆ ಸಾಮಾನ್ಯವಾಗಿ ಪ್ಲೇಟೇ ಕಾರಣ, ಸ್ಲೇವ್ ಬದಲಿಸಿ ಪ್ರಯೋಜನ ಇಲ್ಲ. ಗೇರ್ ಬೀಳದೆ ಕರಕರ ಅನ್ನುವುದು ಬಿಡದ ಕ್ಲಚ್. ಸ್ಲೇವ್ ಮೇಲೆ ಅನುಮಾನ ಪಡಬೇಕಾದ್ದು ಇಲ್ಲಿ.

ಮಾಸ್ಟರ್‌ಗೆ ಬ್ರೇಕ್ ಆಯಿಲ್ ಕೊಡುವ ಡಬ್ಬಿಯಲ್ಲಿ ಆಯಿಲ್ ಮಟ್ಟ ನೋಡಿ. ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಎಲ್ಲಿ? ಡ್ರೈವರ್ ಕಾಲ ಬಳಿಯ ಮ್ಯಾಟ್ ಎತ್ತಿ, ಪೆಡಲ್ ಮೇಲಿನ ರಾಡ್ ಸುತ್ತ ಬೆರಳಾಡಿಸಿ. ಒದ್ದೆ ಇದ್ದರೆ ಮಾಸ್ಟರ್ ಹೋಗಿದೆ. ಅಲ್ಲಿ ಒಣಗಿದ್ದರೆ ಕೆಳಗೆ ಹೋಗಿ ಸ್ಲೇವ್‌ನ ರಬ್ಬರ್ ಬೂಟಿನ ಅಂಚನ್ನು ನಿಧಾನಕ್ಕೆ ಮಡಚಿ. ಒಳಗಿನಿಂದ ಆಯಿಲ್ ಹರಿದು ಬಂದರೆ ಬೇರೆ ಸಾಕ್ಷಿ ಬೇಡ, ಸ್ಲೇವ್‌ನ ಸೀಲ್ ಹೋಗಿದೆ.

ಬೆಲ್ ಹೌಸಿಂಗಿನ ಕೆಳಗಿನಿಂದ ಹನಿ ಬೀಳುತ್ತಿದ್ದರೆ ಅವಸರ ಪಡಬೇಡಿ. ಅಲ್ಲಿ ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಸೋರಿರಬಹುದು, ಗೇರ್‌ಬಾಕ್ಸಿನ ಮುಂದಿನ ಸೀಲ್ ಸೋರಿರಬಹುದು. ಹನಿಯನ್ನು ಬಿಳಿ ಕಾಗದದ ಮೇಲೆ ಹಿಡಿಯಿರಿ. ಎಂಜಿನ್ ಆಯಿಲ್ ಕಪ್ಪಗೆ, ಜಾರು ಜಾರಾಗಿರುತ್ತದೆ. ಗೇರ್ ಆಯಿಲ್‌ಗೆ ಗಂಧಕದ ವಾಸನೆ ಇರುತ್ತದೆ, ಮಂದವಾಗಿರುತ್ತದೆ. ಬ್ರೇಕ್ ಆಯಿಲ್ ತೆಳ್ಳಗಿರುತ್ತದೆ, ನೀರಿನಲ್ಲಿ ಬೆರೆತು ತೊಳೆದುಹೋಗುತ್ತದೆ. ಒಂದು ಲೋಟ ನೀರಿಗೆ ಹನಿ ಬಿಟ್ಟರೆ ಗೊತ್ತಾಗಿಬಿಡುತ್ತದೆ. ಮೇಲೆ ತೇಲಿದರೆ ಅದು ಬ್ರೇಕ್ ಆಯಿಲ್ ಅಲ್ಲ.

ಎಲ್ಲೂ ಸೋರಿಲ್ಲ, ಮಟ್ಟ ಇಳಿದಿಲ್ಲ, ಆದರೂ ಕ್ಲಚ್ ಬಿಡುತ್ತಿಲ್ಲ ಅನ್ನಿ. ಆಗ ಒಬ್ಬರನ್ನು ಪೆಡಲ್ ಹತ್ತಿರ ಕೂರಿಸಿ. ಎಂಜಿನ್ ಆಫ್ ಇರಲಿ, ಗೇರ್ ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ನೀವು ಸ್ಲೇವ್‌ನ ರಾಡ್ ನೋಡುತ್ತಾ ಇರಿ. ಪೆಡಲ್ ಪೂರ್ತಿ ಒತ್ತಿದಾಗ ರಾಡ್ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಹೊರಗೆ ಬರಬೇಕು. ಗಾಡಿಯಿಂದ ಗಾಡಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಸರಿಯಾಗಿ ಬಂದೂ ಗೇರ್ ಬೀಳದಿದ್ದರೆ ತಪ್ಪು ಹೈಡ್ರಾಲಿಕ್‌ನಲ್ಲಿ ಇಲ್ಲ. ಒಳಗೆ ಫೋರ್ಕ್ ಬಾಗಿರಬಹುದು, ಬಿರುಕು ಬಿಟ್ಟಿರಬಹುದು, ಪ್ಲೇಟ್ ಶಾಫ್ಟಿನ ಹಲ್ಲಿಗೆ ಕಚ್ಚಿಕೊಂಡಿರಬಹುದು. ಸ್ಲೇವ್ ಬದಲಿಸಿ ದುಡ್ಡು ಕಳೆಯಬೇಡಿ.

ರಾಡ್ ಹೊರಗೆ ಬಂದು, ಪೆಡಲ್ ಒತ್ತಿ ಹಿಡಿದಿರುವಾಗಲೇ ನಿಧಾನಕ್ಕೆ ಹಿಂದೆ ಸರಿದರೆ? ಆಯಿಲ್ ಹೊರಗೆ ಸೋರದೆ ಎಲ್ಲಿಗೋ ಹೋಗುತ್ತಿದೆ ಅಂತ ಅರ್ಥ. ಅದು ಮಾಸ್ಟರ್ ಸಿಲಿಂಡರಿನ ಒಳ ಸೀಲ್ ದಾಟಿ ವಾಪಸ್ ಡಬ್ಬಿಗೇ ಹೋಗುತ್ತಿರುತ್ತದೆ. ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿ ನಿಂತಾಗ ಗಾಡಿ ತಾನಾಗಿ ಮುಂದೆ ತೆವಳುವುದು ಇದೇ ಕಾರಣಕ್ಕೆ. ಹೋಸ್‌ಗೆ ಕ್ಲ್ಯಾಂಪ್ ಹಾಕಿ ಮೆಲ್ಲಗೆ ಬಿಗಿದು ಪೆಡಲ್ ಒತ್ತಿ ನೋಡಿದರೆ ಇನ್ನೂ ಖಾತ್ರಿ ಆಗುತ್ತದೆ. ಪೆಡಲ್ ಗಟ್ಟಿಯಾಗಿ ನಿಂತರೆ ಮಾಸ್ಟರ್ ಸರಿ ಇದೆ, ತಪ್ಪು ಕೆಳಗಿದೆ. ಆಗಲೂ ಇಳಿದರೆ ಮಾಸ್ಟರೇ. ಬಿರುಕು ಬಿಟ್ಟ ಹಳೆಯ ಹೋಸ್‌ಗೆ, ತಂತಿ ಹೆಣೆದ ಹೋಸ್‌ಗೆ ಕ್ಲ್ಯಾಂಪ್ ಹಾಕಬೇಡಿ.

ಹೋಸ್ ಅಂದಾಗ ಒಂದು ಗಾಡಿ ನೆನಪಾಯಿತು. ಒಂದು ಹಳೆಯ ಟ್ಯಾಕ್ಸಿ ನನ್ನ ಹತ್ತಿರ ಬಂತು. ಬೇರೆ ಕಡೆ ಸ್ಲೇವ್ ಬದಲಿಸಿದ್ದರು, ಮಾಸ್ಟರ್ ಬದಲಿಸಿದ್ದರು. ಆದರೂ ಘಾಟಿನಲ್ಲಿ ಬಿಸಿಯಾದ ಮೇಲೆ ಪೆಡಲ್ ಕೆಳಗೇ ಉಳಿಯುತ್ತಿತ್ತು, ಕಾಲಿನಿಂದ ಎತ್ತಬೇಕಿತ್ತು. ಡ್ರೈವರ್ ಪಾಪ ಗೇರ್‌ಬಾಕ್ಸ್ ಇಳಿಸಲು ದುಡ್ಡು ಹೊಂದಿಸುತ್ತಿದ್ದರು. ಹೋಸ್ ಬಿಚ್ಚಿ ಒಳಗೆ ಊದಿದರೆ ಗಾಳಿ ಒಂದು ಕಡೆಯಿಂದ ಹೋಗುತ್ತಿತ್ತು, ಇನ್ನೊಂದು ಕಡೆಯಿಂದ ಬರುತ್ತಿರಲಿಲ್ಲ. ಹೊರಗೆ ಚೆನ್ನಾಗಿಯೇ ಕಾಣುತ್ತಿದ್ದ ಹೋಸ್ ಒಳಗೆ ಉಬ್ಬಿ, ರಬ್ಬರಿನ ಪದರ ಒಂದು ಕಡೆ ಎದ್ದು ಮುಚ್ಚಳ ಆಗಿತ್ತು. ಕಾಲಿನ ಒತ್ತಡಕ್ಕೆ ಆಯಿಲ್ ಕೆಳಗೆ ನುಗ್ಗುತ್ತಿತ್ತು, ವಾಪಸ್ ಬರಲು ದಾರಿ ಇರಲಿಲ್ಲ. ಹೊಸ ಹೋಸ್ ಹಾಕಿದ ಮೇಲೆ ಸರಿಹೋಯಿತು. ಅದಕ್ಕೇ ಹೇಳುವುದು, ಪೆಡಲ್ ಮೇಲೆ ಬರದಿದ್ದರೆ ಮೊದಲು ಹೋಸ್ ನೋಡಿ.

ಇನ್ನು ಸ್ಲೇವ್ ಯಾಕೆ ಹೋಗುತ್ತದೆ? ಇಲ್ಲಿ ಉದ್ದಕ್ಕೆ ಕೊಯ್ದ ಒಂದು ಹಳೆಯ ಸ್ಲೇವ್ ಇದೆ, ಕೈಯಿಂದ ಕೈಗೆ ದಾಟಿಸಿ ನೋಡಿ. ಒಳಗಿನ ಗೋಡೆಯ ಮೇಲೆ ಉಗುರು ಓಡಿಸಿ. ಹಿಂಭಾಗದಲ್ಲಿ ಉಗುರು ನುಣ್ಣಗೆ ಜಾರುತ್ತದೆ. ಬಾಯಿಯ ಹತ್ತಿರ ಬಂದಾಗ ತಡೆಯುತ್ತದೆ. ಕಂದು ಬಣ್ಣದ ಚುಕ್ಕೆ ಕಾಣುತ್ತಿದೆ ಅಲ್ವಾ? ಒಂದೊಂದೂ ಸಣ್ಣ ಗುಳಿ, ಅಂಚು ಚೂಪಾಗಿದೆ. ಪಿಸ್ಟನ್ ಜೊತೆ ಬಂದ ರಬ್ಬರ್ ಕಪ್, ಅಂದರೆ ಸೀಲ್ ನೋಡಿ, ಅದರ ತುಟಿಯಲ್ಲಿ ಸರಿಯಾಗಿ ಅಲ್ಲಲ್ಲೇ ಗೀರು.

ಈ ಗುಳಿ ಆಗುವುದು ನೀರಿನಿಂದ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅದರ ಗುಣವೇ ಅದು. ಡಬ್ಬಿಯ ಮುಚ್ಚಳದಿಂದ, ಹೋಸ್‌ನ ರಬ್ಬರಿನ ಮೂಲಕ ತೇವ ಸ್ವಲ್ಪ ಸ್ವಲ್ಪ ಸೇರುತ್ತದೆ. ನಮ್ಮ ಮಲೆನಾಡು, ಕರಾವಳಿಯ ಮಳೆಗಾಲ ಕೇಳಬೇಕಾ? ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ 230 ಇದ್ದದ್ದು 155ಕ್ಕೆ ಬರುತ್ತದೆ. ಕುದಿಯುವುದು ಮುಖ್ಯವಾಗಿ ಬ್ರೇಕಿನ ಚಿಂತೆ. ಕ್ಲಚ್‌ಗೆ ದೊಡ್ಡ ಶತ್ರು ತುಕ್ಕು. ಹೆಚ್ಚಿನ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಅನ್ನುತ್ತವೆ. ಬ್ರೇಕಿಗೆ ಬದಲಿಸುವವರು ಕ್ಲಚ್ ಪೈಪಿನಲ್ಲಿ ನಿಂತ ಆಯಿಲ್ ಮರೆತುಬಿಡುತ್ತಾರೆ. ಸ್ಲೇವ್ ಸಾಲಿನ ಕೊನೆಯಲ್ಲಿ, ಎಲ್ಲಕ್ಕಿಂತ ಕೆಳಗೆ ಇದೆ. ಕೊಳೆಯೆಲ್ಲ ಅಲ್ಲೇ ಬಂದು ಕೂರುತ್ತದೆ. ನಿಪ್ಪಲ್ ಬಿಟ್ಟಾಗ ಕಾಫಿ ಬಣ್ಣದ ಆಯಿಲ್ ಬರುವುದು ಅದಕ್ಕೇ.

ಗುಳಿ ಬಾಯಿಯ ಹತ್ತಿರವೇ ಯಾಕಿದೆ ಅನ್ನುವುದನ್ನು ನೀವು ಗಮನಿಸಬೇಕು. ಹೊಸ ಕ್ಲಚ್ ಪ್ಲೇಟ್ ಹಾಕಿಸಿದ ಸ್ವಲ್ಪ ದಿನಕ್ಕೇ ಸ್ಲೇವ್ ಸೋರಿತು ಅಂತ ಎಷ್ಟೋ ಜನ ಜಗಳಕ್ಕೆ ಬರುತ್ತಾರೆ. ಮೆಕ್ಯಾನಿಕ್ ಏನೋ ಕೆಡಿಸಿದ ಅಂತ ಅವರ ಅನುಮಾನ. ವಿಷಯ ಬೇರೆ ಇದೆ. ಪ್ಲೇಟ್ ಸವೆಯುತ್ತಾ ಹೋದ ಹಾಗೆ ಡಯಾಫ್ರಮ್ ಸ್ಪ್ರಿಂಗಿನ ಬೆರಳುಗಳು ಗೇರ್‌ಬಾಕ್ಸ್ ಕಡೆಗೆ ಸರಿಯುತ್ತವೆ. ಅವು ಬೇರಿಂಗನ್ನು ಹಿಂದಕ್ಕೆ ತಳ್ಳುತ್ತವೆ, ಬೇರಿಂಗ್ ಫೋರ್ಕನ್ನು, ಫೋರ್ಕ್ ರಾಡನ್ನು. ಹೀಗೆ ವರ್ಷಗಟ್ಟಲೆ ಪಿಸ್ಟನ್ ಸಿಲಿಂಡರಿನ ಒಳಭಾಗದಲ್ಲೇ ಓಡಾಡುತ್ತದೆ. ಆ ಭಾಗ ನುಣ್ಣಗೆ ಉಳಿಯುತ್ತದೆ. ಬಾಯಿಯ ಹತ್ತಿರ ಧೂಳು, ತೇವ, ತುಕ್ಕು ಕೂರುತ್ತದೆ. ಹೊಸ ಪ್ಲೇಟ್ ಹಾಕಿದ ದಿನ ಬೆರಳುಗಳು ಮತ್ತೆ ಎಂಜಿನ್ ಕಡೆಗೆ ಹೋಗುತ್ತವೆ. ಪಿಸ್ಟನ್ ಇಷ್ಟು ವರ್ಷ ಹೋಗದಿದ್ದ ಜಾಗಕ್ಕೆ, ಆ ತುಕ್ಕಿನ ಮೇಲೆ, ಓಡಾಡಲು ಶುರು ಮಾಡುತ್ತದೆ. ಹಳೆಯ ರಬ್ಬರ್ ಎಷ್ಟು ದಿನ ತಡೆದೀತು? ಹಳೆಯ ಗಾಡಿಗೆ ಹೊಸ ಕ್ಲಚ್ ಹಾಕುವಾಗ ಸ್ಲೇವ್ ಕೂಡ ಬದಲಿಸಿ ಅಂತ ನಾನು ಒತ್ತಾಯ ಮಾಡುವುದು ಇದಕ್ಕೇ.

ಒಬ್ಬರು ಕೇಳಿದರು, ಪೂರ್ತಿ ಸ್ಲೇವ್ ಯಾಕೆ, ಒಳಗಿನ ರಬ್ಬರ್ ಭಾಗಗಳ ಕಿಟ್ ಹಾಕಿದರೆ ಸಾಲದಾ ಅಂತ. ಒಳ್ಳೆಯ ಪ್ರಶ್ನೆ. ಒಳಗೋಡೆ ನುಣ್ಣಗಿದ್ದರೆ ಕಿಟ್ ಸಾಕು. ಉಗುರಿಗೆ ಗುಳಿ ಸಿಕ್ಕಿದರೆ ಸಾಲದು. ಎಮರಿ ಕಾಗದದಲ್ಲಿ ಉಜ್ಜಿ ಗುಳಿ ತೆಗೆಯಲು ಹೋದರೆ ಸಿಲಿಂಡರ್ ಅಗಲವಾಗುತ್ತದೆ, ಕಪ್ ಸಡಿಲವಾಗುತ್ತದೆ. ಅಂಥದ್ದನ್ನು ಎಸೆಯಿರಿ.

ಹೊಸದನ್ನು ತರುವಾಗ ಬರೀ ಗಾಡಿ ಹೆಸರು ಹೇಳಿ ತರಬೇಡಿ. ಒಂದೇ ಮಾಡೆಲ್‌ಗೆ ವರ್ಷ ಬದಲಾದರೆ ಸ್ಲೇವ್ ಬದಲಾಗಿರಬಹುದು. ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ಹುಡುಕಿಸಿ. ಹಳೆಯದನ್ನು ಜೊತೆಗೇ ಒಯ್ದು ಅಳತೆ ಹೋಲಿಸಿ. ಹಲವು ಸಿಲಿಂಡರ್‌ಗಳ ಮೈಮೇಲೆ ಒಳ ಅಳತೆ ಎರಕದಲ್ಲೇ ಬರೆದಿರುತ್ತದೆ, 3/4 ಅಂತಲೋ 13/16 ಅಂತಲೋ, ಇಂಚಿನಲ್ಲಿ. ಇವೆರಡಕ್ಕೆ ವ್ಯತ್ಯಾಸ ಒಂದೂವರೆ ಮಿಲಿಮೀಟರ್, ಕಣ್ಣಿಗೆ ಕಾಣುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಮಾಸ್ಟರ್ 5/8 ಇಂಚು, ಅದರ ಪಿಸ್ಟನ್ 30 ಮಿಲಿಮೀಟರ್ ಓಡುತ್ತದೆ ಅನ್ನಿ. 3/4 ಇಂಚಿನ ಸ್ಲೇವ್ ಸುಮಾರು 21 ಮಿಲಿಮೀಟರ್ ಓಡುತ್ತದೆ. 13/16 ಹಾಕಿದರೆ 18ಕ್ಕೂ ಕಡಿಮೆ. ಬೋಲ್ಟ್ ಎರಡಕ್ಕೂ ಸರಿಹೋಗಬಹುದು, ಪೆಡಲ್ ಹಗುರ ಅಂತ ಖುಷಿಯೂ ಆಗಬಹುದು. ಆದರೆ ಆ ಮೂರು ಮಿಲಿಮೀಟರ್ ಇಲ್ಲದೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಎಷ್ಟು ಏರ್ ತೆಗೆದರೂ ಸರಿಹೋಗುವುದಿಲ್ಲ.

ಈಗ ಬಿಚ್ಚೋಣ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ. ಕೆಳಗೆ ಹೋಗುವುದಾದರೆ ಸ್ಟ್ಯಾಂಡ್ ಹಾಕಿಯೇ ಹೋಗಿ. ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ನುಗ್ಗಬೇಡಿ, ಐದು ನಿಮಿಷದ ಕೆಲಸವಾದರೂ ಸರಿ. ಸ್ಟಾರ್ಟರ್ ಮೋಟಾರ್ ಪಕ್ಕದಲ್ಲೇ ಇರುವ ಗಾಡಿಗಳಲ್ಲಿ ಬ್ಯಾಟರಿಯ ನೆಗೆಟಿವ್ ಕಳಚಿ. ಸ್ಲೇವ್ ಸುತ್ತಲ ಮಣ್ಣನ್ನು ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ಪೈಪ್ ಬಿಚ್ಚಿದಾಗ ಅದು ಒಳಗೆ ಬೀಳಬಾರದು. ಡಬ್ಬಿಯ ಹಳೆಯ ಆಯಿಲನ್ನು ಸಿರಿಂಜಿನಿಂದ ಎಳೆದು ತೆಗೆಯಿರಿ. ಬ್ರೇಕ್ ಮತ್ತು ಕ್ಲಚ್‌ಗೆ ಒಂದೇ ಡಬ್ಬಿ ಇರುವ ಕಾರಾದರೆ ಕ್ಲಚ್ ಪೈಪ್ ಹೊರಡುವ ಜಾಗದವರೆಗೆ ಮಾತ್ರ ತೆಗೆಯಿರಿ, ಬ್ರೇಕ್ ಕಡೆಗೆ ಗಾಳಿ ಹೋಗಬಾರದು.

ಪೈಪಿನ ನಟ್‌ಗೆ ಸಾದಾ ಓಪನ್ ಸ್ಪ್ಯಾನರ್ ಹಾಕಬೇಡಿ. ಆ ನಟ್ ಮೆತ್ತಗಿರುತ್ತದೆ, ತುಕ್ಕು ಹಿಡಿದಿರುತ್ತದೆ, ಮೂಲೆ ಸವೆದು ಉರುಟಾಗಿಬಿಡುತ್ತದೆ. ಅದಕ್ಕೇ ಅಂತ ಫ್ಲೇರ್ ನಟ್ ಸ್ಪ್ಯಾನರ್ ಸಿಗುತ್ತದೆ, ರಿಂಗ್ ಸ್ಪ್ಯಾನರಿಗೆ ಪೈಪ್ ತೂರುವಷ್ಟು ಬಾಯಿ ಬಿಟ್ಟ ಹಾಗಿರುತ್ತದೆ. ಹೆಚ್ಚಾಗಿ 10 ಎಂಎಂ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಡಿ. ಸ್ಲೇವ್ ಇನ್ನೂ ಬೋಲ್ಟಿನಲ್ಲಿ ಗಟ್ಟಿಯಾಗಿ ಕೂತಿರುವಾಗಲೇ ಈ ನಟ್ ಸಡಿಲ ಮಾಡಿ. ಮೊದಲು ಸ್ಲೇವ್ ಕಳಚಿ ಕೈಯಲ್ಲಿ ಹಿಡಿದು ನಟ್ ತಿರುಗಿಸಲು ಹೋದರೆ ಪೈಪ್ ತಿರುಚಿ ಮುರಿಯುತ್ತದೆ. ನಟ್ ಸಡಿಲವಾದ ಮೇಲೆ ಎರಡು ಬೋಲ್ಟ್ ಬಿಚ್ಚಿ ಸ್ಲೇವ್ ಹೊರಗೆ ತೆಗೆಯಿರಿ, ಪೈಪಿನ ತುದಿಗೆ ಕ್ಯಾಪ್ ಹಾಕಿ. ಈ ಹೊತ್ತಿನಲ್ಲಿ ಯಾರೂ ಪೆಡಲ್ ಮುಟ್ಟಬಾರದು.

ಆಯಿಲ್ ಗಾಡಿಯ ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಬಣ್ಣ ಕಿತ್ತುಬಿಡುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಕೂರಿಸುವಾಗ ನನ್ನ ಕ್ರಮ ಹೀಗೆ. ಹಳೆಯ ರಾಡ್ ಮತ್ತು ಹೊಸ ರಾಡ್ ಪಕ್ಕದಲ್ಲಿಟ್ಟು ಉದ್ದ ನೋಡುತ್ತೇನೆ. ರಾಡಿನ ತುದಿ ಫೋರ್ಕಿಗೆ ತಾಗುವಲ್ಲಿ ಚೂರೇ ಚೂರು ಗ್ರೀಸ್. ಸಿಲಿಂಡರಿನ ಒಳಗೆ ಮಾತ್ರ ಸಾದಾ ಗ್ರೀಸ್ ಹೋಗಬಾರದು, ರಬ್ಬರ್ ಉಬ್ಬುತ್ತದೆ. ಮೊದಲು ಪೈಪಿನ ನಟ್ಟನ್ನು ಬರಿಗೈಯಲ್ಲಿ ಒಂದೆರಡು ಸುತ್ತು ಹತ್ತಿಸುತ್ತೇನೆ. ಆಮೇಲೆ ಸ್ಲೇವನ್ನು ಬೋಲ್ಟ್ ಮಾಡುತ್ತೇನೆ, ಕೊನೆಗೆ ನಟ್ ಬಿಗಿಯುತ್ತೇನೆ. ಬೋಲ್ಟ್ ಮೊದಲು ಬಿಗಿದರೆ ಪೈಪ್ ನೇರಕ್ಕೆ ಬರದೆ ನಟ್ ಅಡ್ಡ ಹತ್ತಿ ಥ್ರೆಡ್ ಹಾಳಾಗುತ್ತದೆ. ಪೈಪಿಗೆ ನಟ್ ಬದಲು ಆಯಿಲ್ ಹರಿಯುವ ತೂತಿನ ಬೋಲ್ಟಿನ ಜಾಯಿಂಟ್ ಇದ್ದರೆ ಎರಡೂ ಕಡೆಯ ತಾಮ್ರದ ವಾಷರ್ ಹೊಸದೇ ಹಾಕಿ. ಬೋಲ್ಟ್ ಹಿಡಿಯುವುದು ಅಲ್ಯೂಮಿನಿಯಂ ಹೌಸಿಂಗಿಗೆ, ಹಾಗಾಗಿ ಉದ್ದ ಹಿಡಿ ಹಾಕಿ ಜಗ್ಗಬೇಡಿ. ಕೆಲವು ಹೊಸ ಸ್ಲೇವ್‌ಗಳ ರಾಡನ್ನು ಪ್ಲಾಸ್ಟಿಕ್ ಪಟ್ಟಿ ಹಿಡಿದಿರುತ್ತದೆ. ಅದನ್ನು ಕತ್ತರಿಸಬೇಡಿ. ಮೊದಲ ಸಲ ಪೆಡಲ್ ಒತ್ತಿದಾಗ ತಾನೇ ಕಳಚಿಕೊಳ್ಳುವ ಹಾಗೆ ಮಾಡಿರುತ್ತಾರೆ.

ಈಗ ಏರ್ ತೆಗೆಯುವುದು. ನಿಜವಾದ ತಾಳ್ಮೆ ಬೇಕಾದ್ದು ಇಲ್ಲಿ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಂತಿದೆಯೋ ಡಾಟ್ 4 ಅಂತಿದೆಯೋ ನೋಡಿ, ಸೀಲ್ ಒಡೆಯದ ಹೊಸ ಬಾಟಲಿಯಿಂದ ತುಂಬಿ. ಎಂಜಿನ್ ಆಯಿಲ್, ಪವರ್ ಸ್ಟಿಯರಿಂಗ್ ಆಯಿಲ್ ಒಂದು ಹನಿಯೂ ಬೇಡ. ಮಾಸ್ಟರ್‌ನಿಂದ ಸ್ಲೇವ್‌ವರೆಗೆ ಎಲ್ಲ ರಬ್ಬರ್ ಉಬ್ಬಿ ಹಾಳಾಗುತ್ತದೆ. ನಿಪ್ಪಲ್‌ಗೆ ಪಾರದರ್ಶಕ ನಳಿಕೆ ಹಾಕಿ, ಅದರ ತುದಿ ಒಂದು ಬಾಟಲಿಯಲ್ಲಿ ಆಯಿಲ್ ಒಳಗೆ ಮುಳುಗಿರಲಿ.

ಮೇಲೆ ಕೂತವರು, ಕೆಳಗೆ ಮಲಗಿದವರು ಮಾತಾಡಿಕೊಂಡೇ ಕೆಲಸ ಮಾಡಬೇಕು. ಕೆಳಗಿನವರು "ಒತ್ತಿ" ಅನ್ನಬೇಕು. ಮೇಲಿನವರು ನಿಧಾನಕ್ಕೆ ಪೂರ್ತಿ ಒತ್ತಿ, "ಹಿಡಿದಿದ್ದೇನೆ" ಅನ್ನಬೇಕು. ಆಗ ನಿಪ್ಪಲ್ ಕಾಲು ಸುತ್ತು ಬಿಡಿ, ಆಯಿಲ್ ಜೊತೆ ಗುಳ್ಳೆ ಬರುತ್ತದೆ. ನಿಪ್ಪಲ್ ಬಿಗಿಯಿರಿ. ಆಮೇಲಷ್ಟೇ "ಬಿಡಿ". ನಿಪ್ಪಲ್ ತೆರೆದಿರುವಾಗ ಪೆಡಲ್ ಬಿಟ್ಟರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಬರುತ್ತದೆ, ಇಷ್ಟು ಹೊತ್ತು ಮಾಡಿದ್ದೆಲ್ಲ ನೀರುಪಾಲು. ಶುರುವಿನಲ್ಲಿ ಪೆಡಲ್ ಕೆಳಗೇ ಉಳಿದರೆ ಗಾಬರಿ ಬೇಡ, ಕೈಯಿಂದ ಎತ್ತಿ. ಡಬ್ಬಿ ಬರಿದಾಗದ ಹಾಗೆ ಆಗಾಗ ತುಂಬುತ್ತಿರಿ. ನಳಿಕೆಯಲ್ಲಿ ತಿಳಿ ಆಯಿಲ್ ಮಾತ್ರ, ಗುಳ್ಳೆ ಇಲ್ಲದೆ, ಬರುವವರೆಗೆ ಮಾಡಿ.

ಒಬ್ಬರೇ ಇದ್ದರೆ ಡಬ್ಬಿ ತುಂಬಿಸಿ, ನಿಪ್ಪಲ್ ಬಿಟ್ಟು ಸುಮ್ನೆ ಕಾಯಿರಿ. ಆಯಿಲ್ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ. ನಿಧಾನ ಆಗುತ್ತದೆ, ಆದರೆ ಎಷ್ಟೋ ಗಾಡಿಯಲ್ಲಿ ಇದರಿಂದಲೇ ಕೆಲಸ ಆಗುತ್ತದೆ.

ಎಷ್ಟು ಮಾಡಿದರೂ ಪೆಡಲ್ ಮೆತ್ತಗೇ ಇದ್ದರೆ ಸಿರಿಂಜಿನ ಗುಳ್ಳೆ ನೆನಪು ಮಾಡಿಕೊಳ್ಳಿ. ಗಾಳಿ ಯಾವಾಗಲೂ ಮೇಲಕ್ಕೆ ಹೋಗುತ್ತದೆ. ಸ್ಲೇವ್ ಓರೆಯಾಗಿ ಕೂತಿದ್ದು ನಿಪ್ಪಲ್‌ಗಿಂತ ಎತ್ತರದ ಮೂಲೆ ಒಳಗಿದ್ದರೆ ಗುಳ್ಳೆ ಅಲ್ಲಿ ಅಡಗಿ ಕೂರುತ್ತದೆ. ಆಗ ನಿಪ್ಪಲ್ ಮುಚ್ಚಿ, ಪೈಪ್ ಕಳಚದೆ ಸ್ಲೇವ್‌ನ ಎರಡು ಬೋಲ್ಟ್ ಮಾತ್ರ ಬಿಚ್ಚಿ. ಪೈಪ್ ಸೇರುವ ಬದಿ ಮೇಲೆ ಬರುವ ಹಾಗೆ ಹಿಡಿದು, ರಾಡನ್ನು ಕೈಯಿಂದ ಮೆಲ್ಲಗೆ ಒಳಗೆ ತಳ್ಳಿ, ಮೆಲ್ಲಗೆ ಬಿಡಿ. ಗುಳ್ಳೆ ಪೈಪ್ ಹತ್ತಿ ಡಬ್ಬಿಯಲ್ಲಿ ಬುಳುಬುಳು ಅಂತ ಏಳುವುದು ಕಾಣುತ್ತದೆ. ಡಬ್ಬಿ ಪೂರ್ತಿ ತುಂಬಿದ್ದರೆ ಉಕ್ಕುತ್ತದೆ, ಮೊದಲೇ ಸ್ವಲ್ಪ ತೆಗೆದಿರಿ.

ಒಳಗಿನ ಸ್ಲೇವ್ ವಿಷಯ. ಗೇರ್‌ಬಾಕ್ಸ್ ಇಳಿಸಲೇಬೇಕು, ಬೇರೆ ದಾರಿ ಇಲ್ಲ. ಅಷ್ಟು ಕೂಲಿ ಕೊಟ್ಟು ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್ ಅರ್ಧ ಸವೆದಿದ್ದರೂ ಜೊತೆಗೇ ಬದಲಿಸಿ. ಅದೇ ರೀತಿ, ಪ್ಲೇಟ್ ಹಾಕಲು ಇಳಿಸಿದಾಗ ಸ್ಲೇವ್ ಉಳಿಸಲು ನೋಡಬೇಡಿ. ಸೋರಿದ ಆಯಿಲ್ ಪ್ಲೇಟ್ ಮೇಲೆ ಬಿದ್ದಿದ್ದರೆ ಆ ಪ್ಲೇಟನ್ನು ತೊಳೆದು ಹಾಕುವ ಯೋಚನೆಯೂ ಬೇಡ, ಅದು ಜಾರುತ್ತದೆ, ಇಲ್ಲವೇ ನಡುಗುತ್ತದೆ. ಹೊಸ ಸ್ಲೇವನ್ನು ಕೈಯಲ್ಲಿ ಹಿಡಿದು ಅದುಮಿ ಆಟ ಆಡಬೇಡಿ. ಗೇರ್‌ಬಾಕ್ಸ್ ಕೂರಿಸುವ ಮೊದಲು ಪೆಡಲ್ ಒತ್ತಲೇಬೇಡಿ, ಎದುರಿಗೆ ತಡೆಯಲು ಏನೂ ಇಲ್ಲದೆ ಪಿಸ್ಟನ್ ಹೊರಗೆ ಹಾರಿ ಸೀಲ್ ಕೆಡುತ್ತದೆ. ಏರ್ ತೆಗೆಯುವಾಗಲೂ ಪೆಡಲ್ ನಿಧಾನಕ್ಕೆ ಒತ್ತಿ.

ಕೆಲಸ ಮುಗಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಕ್ಲಚ್ ಒತ್ತಿ ಮೂರು ನಾಲ್ಕು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಸರಿ. ಪೆಡಲ್‌ನ ಮೇಲ್ತುದಿಯಲ್ಲಿ ಮಾಸ್ಟರ್ ರಾಡ್‌ಗೆ ಕೂದಲೆಳೆಯಷ್ಟಾದರೂ ಆಟ (ಸಡಿಲು) ಇರಬೇಕು. ಇಲ್ಲದಿದ್ದರೆ ಆಯಿಲ್ ವಾಪಸ್ ಬರುವ ತೂತು ತೆರೆಯದೆ ಕ್ಲಚ್ ಅರ್ಧ ಒತ್ತಿದ ಹಾಗೇ ಉಳಿದು ಪ್ಲೇಟ್ ಸುಡುತ್ತದೆ. ಮಾರನೇ ದಿನ ಬೆಳಿಗ್ಗೆ ಡಬ್ಬಿಯ ಮಟ್ಟ ನೋಡಿ, ಒಂದು ವಾರದ ನಂತರ ಬೂಟ್ ಮಡಚಿ ನೋಡಿ. ಹಳೆಯ ಆಯಿಲನ್ನು ಚರಂಡಿಗೆ, ತೋಟಕ್ಕೆ ಸುರಿಯಬೇಡಿ. ಗ್ಯಾರೇಜಿನ ವೇಸ್ಟ್ ಆಯಿಲ್ ಡಬ್ಬಕ್ಕೂ ಬೆರೆಸಬೇಡಿ, ಬೇರೆ ಬಾಟಲಿಯಲ್ಲಿ ಇಡಿ.

ಚಾರ್ಮಾಡಿಯಲ್ಲಿ ಕ್ಲಚ್ ಹೋದರೆ ಏನು ಮಾಡುವುದು ಅಂತ ಈ ಕಡೆ ಕೂತ ಡ್ರೈವರ್ ಅಣ್ಣ ಕೇಳುತ್ತಿದ್ದಾರೆ. ಸೋರುತ್ತಿರುವ ಸ್ಲೇವ್ ಆದರೆ, ಬ್ರೇಕ್ ಆಯಿಲ್ ತುಂಬಿ ಪೆಡಲನ್ನು ಬೇಗ ಬೇಗ ಒತ್ತಿ ಬಿಟ್ಟರೆ ಒಂದೆರಡು ಸಲ ಕ್ಲಚ್ ಸಿಗುತ್ತದೆ. ಅಷ್ಟರಲ್ಲಿ ಗಾಡಿಯನ್ನು ತಿರುವಿನಿಂದ ಸುರಕ್ಷಿತ ಜಾಗಕ್ಕೆ ತನ್ನಿ. ಆದರೆ ನಿಮ್ಮ ಕಾರಿನಲ್ಲಿ ಬ್ರೇಕಿಗೂ ಕ್ಲಚ್‌ಗೂ ಒಂದೇ ಡಬ್ಬಿ ಇದ್ದರೆ ಎಚ್ಚರ. ಕ್ಲಚ್ ಪೈಪ್ ಡಬ್ಬಿಯ ಎತ್ತರದ ಜಾಗದಿಂದ ಹೊರಡುತ್ತದೆ. ಹಾಗಾಗಿ ಕ್ಲಚ್ ಆಯಿಲ್ ಪೂರ್ತಿ ಸೋರಿದರೂ ಬ್ರೇಕಿಗೆ ಅಂತ ಸ್ವಲ್ಪ ಉಳಿಯುತ್ತದೆ. ಆ ಉಳಿದದ್ದನ್ನು ನಂಬಿ ಘಾಟ್ ಇಳಿಯಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಬ್ರೇಕಿನ ಕೆಂಪು ದೀಪ ಹತ್ತಿದರೆ ಗಾಡಿ ಅಲ್ಲೇ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಪ್ರಯಾಣಿಕರನ್ನು ಇಳಿಸಿ, ಟೋಯಿಂಗ್ ಗಾಡಿ ಕರೆಸಿ.